ನಿಜಾಮರಿಗೆ ಶಸ್ತ್ರ ಹೊತ್ತು ತಂದ ಸಿಡ್ನಿ ಕಾಟನ್

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಸಾಗಿದರೆ ಸಿಗುವ ಬೀದರ್‌ನಲ್ಲಿ ಇಂದು ವಾಯುಪಡೆಯ ತರಬೇತಿ ನೆಲೆಯಿದೆ. ಈ ಪ್ರದೇಶವೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ 1948ರಲ್ಲಿ ಬೀದರ್‌ಗೆ ರಾತ್ರಿ ವೇಳೆ ಗುಟ್ಟಾಗಿ ಖಾಸಗಿ ವಿಮಾನಗಳು ಬಂದಿಳಿಯುತ್ತಿದ್ದವು. ಅವುಗಳನ್ನು ಹಾರಿಸುತ್ತಿದ್ದ ತಂಡದ ಮುಖ್ಯಸ್ಥ ಸಿಡ್ನಿ ಕಾಟನ್.

1894ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಜನಿಸಿದ ಕಾಟನ್, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾ ವಾಯುದಳದ ಪೈಲಟ್ ಆಗಿದ್ದರು. ಮೈಕೊರೆಯುವ ಚಳಿಯಿಂದ ಪೈಲಟ್‌ಗಳನ್ನು ಕಾಪಾಡುವ ‘ಸಿಡ್‌ಕಾಟ್’ ಉಡುಪನ್ನು 1917ರಲ್ಲಿ ರೂಪಿಸಿದರು. 1939ರಲ್ಲಿ ಉದ್ಯಮಿಯ ಸೋಗಿನಲ್ಲಿ ಲಾಕ್‌ಹೀಡ್ ವಿಮಾನದೊಳಗೆ ಕ್ಯಾಮೆರಾ ಅಡಗಿಸಿ, ಬ್ರಿಟನ್ ಬೇಹುಗಾರಿಕೆಗಾಗಿ ಜರ್ಮನಿಯ ಸೇನಾನೆಲೆಗಳ ಚಿತ್ರ ಸೆರೆಹಿಡಿದರು.

ಅದೇ ಸಾಹಸ ನಂತರ ಹಣದ ಹಾದಿ ಹಿಡಿಯಿತು. ಭಾರತದ ದಿಗ್ಬಂಧನಕ್ಕೆ ಸಿಲುಕಿದ್ದ ನಿಜಾಮ್ ಸರ್ಕಾರಕ್ಕೆ ಕರಾಚಿಯಿಂದ ಶಸ್ತ್ರ ಸಾಗಿಸುವ ಹೊಣೆಯನ್ನು ಕಾಟನ್ ಹೊತ್ತರು. ಲ್ಯಾಂಕಾಸ್ಟರ್ ಬಾಂಬರ್‌ನಿಂದ ರೂಪುಗೊಂಡ, ನಾಲ್ಕು ಎಂಜಿನ್‌ಗಳ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಬೀದರ್ ಮತ್ತು ವಾರಂಗಲ್‌ಗೆ ಹಾರಿದವು. ಅತ್ತ ಆಗಸದಿಂದ ಬಂದೂಕು ಇಳಿಯುತ್ತಿದ್ದರೆ, ಇತ್ತ ಗೋರಟಾದಂತಹ ಹಳ್ಳಿಗಳು ರಜಾಕಾರರ ಹಿಂಸೆಗೆ ನಲುಗಿದ್ದವು.

ಆ ಶಸ್ತ್ರಗಳು ನಿಜಾಮರ ಆಳ್ವಿಕೆಯನ್ನು ಉಳಿಸಲಿಲ್ಲ. ಸೆಪ್ಟೆಂಬರ್ 13ರಂದು ಆರಂಭವಾದ ಸೇನಾ ಕಾರ್ಯಾಚರಣೆಗೆ 17ರಂದು ನಿಜಾಮರು ಮಣಿದರು. ಬ್ರಿಟನ್ನಿನಲ್ಲಿ ವಿಚಾರಣೆ ಎದುರಿಸಿದ ಕಾಟನ್‌ಗೆ ಕೇವಲ 200 ಪೌಂಡ್ ದಂಡ ವಿಧಿಸಲಾಯಿತು. 1969ರಲ್ಲಿ ಅವರು ನಿಧನರಾದರು. ಅವರ ಹೆಸರು ಇಲ್ಲಿ ಮರೆಯಾಗಿದೆ. ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಪ್ರತಿವರ್ಷ ವಿಮೋಚನೆಯ ನೆನಪಿಗೆ ಧ್ವಜ ಹಾರುತ್ತದೆ.