ರಾಜ್ಯಭಾರದ ನಡುವೆ ಸಂಗೀತ: ಶ್ರೀ ಜಯಚಾಮರಾಜ ಒಡೆಯರ್

ನಮ್ಮ ಭಾನುವಳ್ಳಿಯಲ್ಲಿ ಎಂಬತ್ತು ದಾಟಿದ ಹಿರಿಯರು ಹುಟ್ಟಿದ್ದು ಮೈಸೂರು ಮಹಾರಾಜರ ಆಳ್ವಿಕೆಯ ಕಾಲದಲ್ಲಿ. ಆಗ ಹರಿಹರ ಸೀಮೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯ, ಈಚೆ ದಡ ಮೈಸೂರು ಸಂಸ್ಥಾನ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದಾಗ ಸಿಂಹಾಸನದಲ್ಲಿದ್ದವರು ಶ್ರೀ ಜಯಚಾಮರಾಜ ಒಡೆಯರ್. ದಸರಾ ಅಂಬಾರಿಯ ಚಿತ್ರಪಟದಲ್ಲಿ ಅವರನ್ನು ಎಲ್ಲರೂ ನೋಡಿದ್ದಾರೆ. ಆದರೆ ಯುರೋಪಿನ ಶಾಸ್ತ್ರೀಯ ಸಂಗೀತಕ್ಕೆ ಅವರು ಮಾಡಿದ ಉಪಕಾರ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಅವರು ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ಅರಮನೆಯಲ್ಲಿ ವೀಣೆಯೂ ಇತ್ತು, ಪಿಯಾನೋವೂ ಇತ್ತು. ಬಾಲಕನಿಗೆ ಮೊದಲು ಹಿಡಿಸಿದ್ದು ಪಿಯಾನೋ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. ಮರುವರ್ಷ ಯುರೋಪ್ ಪ್ರವಾಸ ಮಾಡಿ, ಲಂಡನ್ನಿನ ಸಂಘ ಸಂಸ್ಥೆಗಳನ್ನು ಕಂಡು, ಕಲಾವಿದರ ಹಾಗೂ ವಿದ್ವಾಂಸರ ಪರಿಚಯ ಮಾಡಿಕೊಂಡರು. ಪಿಯಾನೋ ವಾದಕರಾಗಿ ಕಚೇರಿಗಳನ್ನು ನೀಡಬೇಕೆಂಬುದು ಆ ಯುವಕನ ಆಸೆಯಾಗಿತ್ತು.

ಆ ಆಸೆ ಕೈಗೂಡಲಿಲ್ಲ. 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪನವರೂ ಕಣ್ಮುಚ್ಚಿದರು. ಐದೇ ತಿಂಗಳಲ್ಲಿ ಇಬ್ಬರು ಹಿರಿಯರನ್ನು ಕಳೆದುಕೊಂಡ ಇಪ್ಪತ್ತೊಂದರ ತರುಣನ ಹೆಗಲಿಗೆ ಇಡೀ ಸಂಸ್ಥಾನದ ಭಾರ ಬಿತ್ತು. ಯುದ್ಧದ ಕಾಲವಾದ್ದರಿಂದ ಯುರೋಪಿನ ದಾರಿಯೂ ಮುಚ್ಚಿತ್ತು.

ತಾನು ವೇದಿಕೆ ಏರಲಾಗದಿದ್ದರೂ ಏರಬಲ್ಲವರಿಗೆ ಆಸರೆಯಾಗಬಹುದು ಎಂಬ ದಾರಿಯನ್ನು ಅವರು ಹಿಡಿದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತ ರಚನಕಾರ ತಾಯ್ನಾಡು ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿತ್ತು, ಹೃದಯದ ಕಾಯಿಲೆಯಿತ್ತು, ಅವರ ಸಂಗೀತವನ್ನು ಕೇಳುವವರು ಕಡಿಮೆಯಾಗಿದ್ದರು. ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿ, ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಣ ಮಾಡಿಸಿದರು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಅರ್ಧ ಗಂಟೆ ಮೀರಿದ ಒಂದು ಕೃತಿಗೆ ಎಷ್ಟು ತಟ್ಟೆ, ಎಷ್ಟು ದಿನ, ಎಷ್ಟು ಖರ್ಚು ಎಂದು ಊಹಿಸಿಕೊಳ್ಳಬಹುದು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡಾಗ ಅವರ ವಾದನ ತಟ್ಟೆಗಳಲ್ಲಿ ಉಳಿದಿತ್ತು.

ಯುದ್ಧ ಮುಗಿದ 1945ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬುವರು ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದ ಕಟ್ಟಿದರು. ಪಾಶ್ಚಾತ್ಯ ವಾದ್ಯವೃಂದವೆಂದರೆ ನಮ್ಮ ಕಚೇರಿಯಂತೆ ನಾಲ್ಕೈದು ಜನರದ್ದಲ್ಲ; ಎಂಬತ್ತು ತೊಂಬತ್ತು ಜನ ಬರೆದಿಟ್ಟ ಸ್ವರಗಳನ್ನು ನೋಡಿ ಒಟ್ಟಾಗಿ ನುಡಿಸಬೇಕು. ಅಷ್ಟು ಜನರಿಗೆ ಸಂಬಳ ಕೊಡುವುದೇ ಕಷ್ಟವಾಗಿದ್ದಾಗ ಮಹಾರಾಜರು ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ನೆರವು ಕೊಡಲು ಒಪ್ಪಿದರು. ಆ ವೃಂದದ ಕಚೇರಿಗಳನ್ನು ನಡೆಸುವ ಸಂಸ್ಥೆಗೆ ಅವರೇ ಮೊದಲ ಅಧ್ಯಕ್ಷರಾದರು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರೌಸ್ ಬರೆದ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದವು. ಸ್ಟ್ರೌಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್, ಖರ್ಚಿಗೆ ಖಾತರಿ ನಿಂತವರು ನಮ್ಮ ಮಹಾರಾಜರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಅಂದಿನ ಹಾಡನ್ನು ತಟ್ಟೆಗಳಲ್ಲಿ ಮುದ್ರಿಸಿ ಹಡಗಿನಲ್ಲಿ ಮೈಸೂರಿಗೆ ಕಳಿಸಲಾಯಿತು. ಆ ಸಂಜೆಯ ಗಾಯನವನ್ನು ಇಂದು ನಾವು ಫೋನಿನಲ್ಲೇ ಕೇಳಬಹುದು.

ಹೊರಗಿನದನ್ನು ಪ್ರೀತಿಸಿದ ಮಾತ್ರಕ್ಕೆ ಅವರು ಮನೆಯದನ್ನು ಮರೆಯಲಿಲ್ಲ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ರಚಿಸಿದರು. ಜಯಚಾಮರಾಜೇಂದ್ರ ಗ್ರಂಥಮಾಲೆಯ ಮೂಲಕ ಋಗ್ವೇದವೇ ಮೊದಲಾದ ಗ್ರಂಥಗಳನ್ನು ಕನ್ನಡಕ್ಕೆ ತರಿಸಿದರು.

1947ರಲ್ಲಿ ಸಂಸ್ಥಾನ ಭಾರತದೊಂದಿಗೆ ಸೇರಿತು. ಅವರು ರಾಜಪ್ರಮುಖರಾದರು, ಬಳಿಕ 1956ರಿಂದ 1964ರವರೆಗೆ ಏಕೀಕೃತ ಮೈಸೂರು ರಾಜ್ಯದ ರಾಜ್ಯಪಾಲರಾಗಿ, ನಂತರ ಮದ್ರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ತುಂಗಭದ್ರೆಯ ಎರಡೂ ದಡಗಳು ಒಂದೇ ರಾಜ್ಯವಾದದ್ದು ಅವರ ಕಣ್ಣೆದುರಿನಲ್ಲೇ. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ ನಿಧನರಾದರು.

ನಮ್ಮ ಶಾಲೆಯ ಐವತ್ತು ವರ್ಷಗಳಲ್ಲಿ ಮನೆಯ ಹಿರಿಯರು ತೀರಿಕೊಂಡು, ಇಷ್ಟದ ಓದನ್ನು ಬಿಟ್ಟು ಹೊಲದ ಕೆಲಸಕ್ಕೋ ಅಂಗಡಿಯ ಕೆಲಸಕ್ಕೋ ಇಳಿದವರು ಇದ್ದೇ ಇದ್ದಾರೆ. ಅರಸರಿಗೂ ಕೂಲಿಕಾರರಿಗೂ ಹೋಲಿಕೆ ಸಲ್ಲದು, ಅವರ ಬಳಿ ಸಂಪತ್ತಿತ್ತು. ಆದರೂ ಒಂದು ಮಾತನ್ನು ನಾವು ತೆಗೆದುಕೊಳ್ಳಬಹುದು. ತನಗೆ ದಕ್ಕದೆ ಹೋದುದರ ಬಗ್ಗೆ ಮುನಿಸಿಕೊಳ್ಳದೆ, ಅದು ಇನ್ನೊಬ್ಬರಿಗೆ ದಕ್ಕುವಂತೆ ಅವರು ನೋಡಿಕೊಂಡರು. ಹಾಡುವ, ಚಿತ್ರ ಬರೆಯುವ, ಡೊಳ್ಳು ಬಾರಿಸುವ ಮಗುವೊಂದು ಇಂದೂ ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿರುತ್ತದೆ. ಆ ಮಗುವಿಗೆ ಒಂದು ಹಾರ್ಮೋನಿಯಂ, ಒಂದು ಬಣ್ಣದ ಪೆಟ್ಟಿಗೆ ಕೊಡಿಸುವಷ್ಟು ಶಕ್ತಿ ಹಳೆಯ ವಿದ್ಯಾರ್ಥಿಗಳಾದ ನಮ್ಮೆಲ್ಲರಲ್ಲೂ ಇದೆ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ಕೆಲಸಕ್ಕೆ ಕೈಹಾಕೋಣ.