ಕಮ್ಮಾರನ ಮಗನ ಕಬ್ಬಿಣದ ಬಳೆ

ಹಿಂದೆ ಮದುವೆಮನೆಗಳಲ್ಲಿ ಮೈಕಿನವರು ಹಾಕುತ್ತಿದ್ದ ಹಾಡಿನ ಪ್ಲೇಟುಗಳನ್ನು ನಿಮ್ಮ ಅಜ್ಜ ಅಜ್ಜಿಯರು ಬಲ್ಲರು. ತಿರುಗುವ ಪ್ಲೇಟಿನ ಗೀರಿನಲ್ಲಿ ಮುಳ್ಳು ಓಡುತ್ತದೆ. ಗೀರಿನ ಅಂಕುಡೊಂಕಿಗೆ ತಕ್ಕಂತೆ ಅದುರುತ್ತದೆ. ಆ ಅದುರುವಿಕೆಯನ್ನು ವಿದ್ಯುತ್ತನ್ನಾಗಿ ಮಾಡುವ ಪುಟ್ಟ ಗೂಡಿಗೆ ಕಾರ್ಟ್ರಿಜ್ ಎಂದು ಹೆಸರು. ಅದರಲ್ಲಿ ಹಲವು ಬಗೆಗಳಿವೆ. ಸಂಗೀತಪ್ರಿಯರು ಬಹಳವಾಗಿ ಮೆಚ್ಚುವ ಒಂದು ಬಗೆಯಲ್ಲಿ ಮುಳ್ಳಿನ ಕಡ್ಡಿಯ ಇನ್ನೊಂದು ತುದಿಗೆ ಕೂದಲಿನಷ್ಟು ಸಪೂರ ತಂತಿಯ ಸುರುಳಿ ಇರುತ್ತದೆ. ಅದು ಅಯಸ್ಕಾಂತದ ಎದುರು ಅಲುಗುವಾಗ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಹುಟ್ಟುವುದು ತೀರ ಅಲ್ಪ. ಆದುದರಿಂದ ಅದನ್ನು ಏರಿಸುವುದಕ್ಕೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರನ್ನು ನಡುವೆ ಇಡುತ್ತಾರೆ.

ಅಲುಗುವ ಸುರುಳಿ ಒಂದು ಸಂಗತಿ, ಟ್ರಾನ್ಸ್‌ಫಾರ್ಮರು ಇನ್ನೊಂದು ಸಂಗತಿ. ಎರಡರ ಮೂಲವನ್ನೂ ಒಬ್ಬನೇ ಮನುಷ್ಯನು ಒಂದೇ ವರ್ಷ, ಎರಡು ತಿಂಗಳೊಳಗೆ ಕಂಡುಕೊಂಡನೆಂಬುದು ಸೋಜಿಗವೇ ಸರಿ. ಅವನೇ ಮೈಕೆಲ್ ಫ್ಯಾರಡೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಬಳಿಯ ನ್ಯೂಯಿಂಗ್ಟನ್‌ನಲ್ಲಿ. ತಂದೆ ಕಮ್ಮಾರ. ಮೈಯಲ್ಲಿ ಸ್ವಾಸ್ಥ್ಯವಿಲ್ಲದೆ ದುಡಿಮೆ ಆಗಾಗ ನಿಂತುಹೋಗುತ್ತಿತ್ತು. ಧಾನ್ಯದ ಬೆಲೆ ಏರಿದ 1801ರಲ್ಲಿ ಬಾಲಕನಿಗೆ ವಾರಕ್ಕೆ ಒಂದು ರೊಟ್ಟಿ ಪಾಲಿಗೆ ಬರುತ್ತಿತ್ತಂತೆ. ಅದರಲ್ಲೇ ಏಳು ದಿನ ಕಳೆಯಬೇಕು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ. ಮುಂದೆ ಗಣಿತ ಅವನಿಗೆ ಒಲಿಯಲೇ ಇಲ್ಲ.

ಹದಿಮೂರನೆಯ ವಯಸ್ಸಿನಲ್ಲಿ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿ ಸೇರಿ, ಮರುವರ್ಷದಿಂದ ಏಳು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನು ಬಿಡದೆ ಓದಿದನು. ವಿಶ್ವಕೋಶದ ಒಂದು ಸಂಪುಟದಲ್ಲಿ ವಿದ್ಯುತ್ತಿನ ಕುರಿತ ಲೇಖನ ಕಣ್ಣಿಗೆ ಬಿತ್ತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಕೈಗೆ ಬಂತು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೇಟು ಕೊಟ್ಟರು. ಹುಡುಗನು ಕೇಳಿದ್ದನ್ನೆಲ್ಲ ಬರೆದು, ಚಿತ್ರ ಬಿಡಿಸಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. 1813ರ ಮಾರ್ಚ್‌ನಲ್ಲಿ ಡೇವಿಯ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 25 ಷಿಲಿಂಗು, ಇರಲು ಮಾಳಿಗೆಯಲ್ಲಿ ಎರಡು ಕೋಣೆ.

ಅಲ್ಲಿಂದ ಎಲ್ಲವೂ ಸುಗಮವಾಯಿತೆಂದು ಎಣಿಸಬೇಡಿ. ಡೇವಿ ದಂಪತಿಗಳೊಡನೆ ಯೂರೋಪಿನ ಪ್ರವಾಸಕ್ಕೆ ಹೋದಾಗ ಡೇವಿಯ ಪತ್ನಿ ಅವನನ್ನು ಮನೆಯಾಳಿನಂತೆ ನಡೆಸಿಕೊಂಡಳು. 1821ರಲ್ಲಿ, ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತ ತಿರುಗುವುದನ್ನು ಅವನು ತೋರಿಸಿದಾಗ, ಹಿರಿಯ ವಿಜ್ಞಾನಿ ವೊಲಾಸ್ಟನ್‌ನ ವಿಚಾರವನ್ನು ಕದ್ದನೆಂಬ ಮಾತು ಹುಟ್ಟಿತು. ಅವಸರದಲ್ಲಿ ಪ್ರಕಟಿಸಿ ವೊಲಾಸ್ಟನ್‌ನ ಹೆಸರು ಹೇಳದೆ ಹೋದದ್ದು ಫ್ಯಾರಡೆಯ ತಪ್ಪು, ಆದರೆ ಕದ್ದದ್ದಲ್ಲ. ಅವನು ಮಾಡಿದ ಪ್ರಯೋಗವೇ ಬೇರೆಯಾಗಿತ್ತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಅವನ ಹೆಸರು ಬಂದಾಗ ಸ್ವತಃ ಗುರುವೇ, ಆಗ ಅಧ್ಯಕ್ಷನಾಗಿದ್ದ ಡೇವಿಯೇ, ವಿರೋಧಿಸಿದನು. ಹಾಗಿದ್ದೂ ಆಯ್ಕೆಯಾಯಿತು, ವಿರುದ್ಧ ಬಿದ್ದ ಮತ ಒಂದೇ ಒಂದು. ಈ ನೋವಿನ ಬಳಿಕವೂ ಫ್ಯಾರಡೆ ಡೇವಿಯನ್ನು ಗುರುವೆಂದೇ ಗೌರವಿಸಿದನು. ಮುಂದಿನ ಕೆಲವು ವರ್ಷಗಳ ಬಹುಭಾಗ ದೂರದರ್ಶಕಗಳಿಗೆ ಒಳ್ಳೆಯ ಗಾಜು ತಯಾರಿಸುವ ಕೆಲಸದಲ್ಲೇ ಕಳೆದುಹೋಯಿತು.

ಆದರೆ ಒಂದು ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲ. ವಿದ್ಯುತ್ತಿನಿಂದ ಅಯಸ್ಕಾಂತ ಶಕ್ತಿ ಬರುವುದಾದರೆ ಅಯಸ್ಕಾಂತ ಶಕ್ತಿಯಿಂದ ವಿದ್ಯುತ್ತು ಏಕೆ ಬರಬಾರದು? 1831ರ ಆಗಸ್ಟ್ 29ರಂದು ಕಮ್ಮಾರನ ಮಗನು ಕಬ್ಬಿಣದ ಬಳೆಯೊಂದನ್ನು ಕೈಗೆತ್ತಿಕೊಂಡನು. ಆರು ಇಂಚು ಅಗಲ, ಒಂದು ಇಂಚಿಗೆ ತುಸು ಕಡಿಮೆ ದಪ್ಪ. ಅದರ ಒಂದು ಬದಿಗೆ ತಾಮ್ರದ ತಂತಿ ಸುತ್ತಿದನು, ಎದುರು ಬದಿಗೆ ಬೇರೊಂದು ತಂತಿ. ಪ್ಲಾಸ್ಟಿಕ್ ಹೊದಿಕೆಯ ತಂತಿ ಆಗ ಇರಲಿಲ್ಲ. ಸುತ್ತುಗಳು ಒಂದನ್ನೊಂದು ತಾಗದಂತೆ ನಡುವೆ ನೂಲಿನ ಹುರಿ, ಪದರಗಳ ನಡುವೆ ಹತ್ತಿಯ ಬಟ್ಟೆ. ರಟ್ಟು ಕಟ್ಟಿ ಪಳಗಿದ ಕೈಗೆ ಇದೇನೂ ಕಷ್ಟವಾಗಿರಲಾರದು. ಎರಡನೆಯ ತಂತಿಯನ್ನು ಮೂರು ಅಡಿ ದೂರದ ಕಾಂತಸೂಜಿಯ ಮೇಲಿನಿಂದ ಹಾಯಿಸಿ, ಮೊದಲನೆಯ ತಂತಿಗೆ ಬ್ಯಾಟರಿ ಜೋಡಿಸಿದನು.

ಸೂಜಿ ಒಮ್ಮೆ ಅಲುಗಿ ಸುಮ್ಮನಾಯಿತು. ಬ್ಯಾಟರಿ ಬಿಡಿಸಿದಾಗ ಮತ್ತೊಮ್ಮೆ ಅಲುಗಿತು. ನಡುವೆ ಏನೂ ಇಲ್ಲ! ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ಒಂದು ಕ್ಷಣದ ಕುಲುಕಾಟ. ಬೇರೆ ಯಾರಾದರೂ ಮೇಜು ಅಲುಗಿತೆಂದು ಬಿಟ್ಟುಬಿಡಬಹುದಿತ್ತು. ಅವನು ಅದನ್ನೇ ಹಿಡಿದು ಹೊರಟನು. ಅಕ್ಟೋಬರ್ 17ರಂದು ಟೊಳ್ಳಾದ ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತದ ಸರಳನ್ನು ತಟ್ಟನೆ ತೂರಿಸಿದನು, ಸೂಜಿ ಅಲುಗಿತು. ಹೊರಗೆ ಎಳೆದನು; ವಿರುದ್ಧ ದಿಕ್ಕಿಗೆ ಅಲುಗಿತು. ಒಳಗೇ ಇರಿಸಿದರೆ ಏನೂ ಇಲ್ಲ. ಅಯಸ್ಕಾಂತ ಇದ್ದರೆ ಸಾಲದು, ಬದಲಾವಣೆ ಬೇಕು ಎಂಬುದು ಆಗ ಖಚಿತವಾಯಿತು. ಅಮೆರಿಕದ ಜೋಸೆಫ್ ಹೆನ್ರಿಯೂ ಸುಮಾರು ಅದೇ ಕಾಲಕ್ಕೆ ಸ್ವತಂತ್ರವಾಗಿ ಇದನ್ನು ಕಂಡಿದ್ದನು. ಮೊದಲು ಪ್ರಕಟಿಸಿದವನು ಫ್ಯಾರಡೆ.

ಈಗ ಪ್ಲೇಟಿನ ಕಡೆಗೆ ತಿರುಗೋಣ. ಸಂಗೀತವೆಂದರೆ ಕ್ಷಣಕ್ಷಣಕ್ಕೂ ಬದಲಾಗುವ ವಿದ್ಯುತ್ತು. ಆದುದರಿಂದಲೇ ಅದು ಟ್ರಾನ್ಸ್‌ಫಾರ್ಮರನ್ನು ದಾಟಿ ಹೋಗಬಲ್ಲದು. ಜಪಾನಿನ ರೇಡಿಯೋ ಪ್ರಸಾರಕ್ಕೆಂದು 1960ರ ದಶಕದಲ್ಲಿ ತಯಾರಾದ ಡೆನಾನ್ ಡಿಎಲ್-103 ಎಂಬ ಕಾರ್ಟ್ರಿಜ್ ಕೊಡುವುದು ಸುಮಾರು 0.3 ಮಿಲಿವೋಲ್ಟು, ಅದರ ಸುರುಳಿಯ ತಡೆ 40 ಓಮ್. ಸಾಮಾನ್ಯ ಫೋನೋ ಪ್ರಿಆಂಪ್ಲಿಫಯರ್ ಕೇಳುವುದು ಮೂರರಿಂದ ಐದು ಮಿಲಿವೋಲ್ಟು. ಅದರ ಬಾಗಿಲಲ್ಲಿರುವ ತಡೆ 47,000 ಓಮ್. ನಡುವೆ ಒಂದಕ್ಕೆ ಹತ್ತು ಸುತ್ತಿನ ಟ್ರಾನ್ಸ್‌ಫಾರ್ಮರ್ ಇಟ್ಟರೆ 0.3 ಎಂಬುದು 3 ಆಗುತ್ತದೆ.

ಹಾಗಾದರೆ ಒಂದಕ್ಕೆ ನೂರು ಸುತ್ತು ಇಟ್ಟು 30 ಮಿಲಿವೋಲ್ಟು ಪಡೆಯಬಾರದೇ ಎಂದು ಜಾಣ ಹುಡುಗನೊಬ್ಬ ಕೇಳಬಹುದು. ಇಲ್ಲಿ ಒಂದು ಗುಟ್ಟಿದೆ. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಏರಿಸುವುದೇ ಹೊರತು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಸುತ್ತು ಹತ್ತು ಪಟ್ಟಾದರೆ ಆ ಕಡೆಯ ತಡೆಯು ಕಾರ್ಟ್ರಿಜ್‌ನ ಕಣ್ಣಿಗೆ ಹತ್ತರ ವರ್ಗ, ಅಂದರೆ ನೂರರಲ್ಲಿ ಒಂದು ಪಾಲಾಗಿ ಕಾಣುತ್ತದೆ. 47,000 ಓಮ್ 470 ಓಮ್ ಆಯಿತು. ಇದು 40 ಓಮ್ ಸುರುಳಿಗೆ ಹಗುರವಾದ ಹೊರೆ. ಸುರುಳಿಯಲ್ಲೇ ನಷ್ಟವಾಗುವುದು ಅಲ್ಪ, ಸುಮಾರು 2.8 ಮಿಲಿವೋಲ್ಟು ಉಳಿಯುತ್ತದೆ. ನೂರು ಪಟ್ಟು ಮಾಡಿದರೆ 47,000 ಎಂಬುದು 4.7 ಓಮ್ ಆಗಿಬಿಡುತ್ತದೆ! ಆಗ ಹುಟ್ಟಿದ ವೋಲ್ಟೇಜಿನ ಹೆಚ್ಚುಪಾಲನ್ನು ಸುರುಳಿಯ ತಡೆಯೇ ನುಂಗುತ್ತದೆ. 30ರ ಆಸೆಗೆ ಕೈಗೆ ಬರುವುದು ಸುಮಾರು 3.2 ಮಾತ್ರ. ಹತ್ತು ಪಟ್ಟು ಹೆಚ್ಚು ಸುತ್ತಿಯೂ ಲಾಭ ಅರ್ಧ ಮಿಲಿವೋಲ್ಟೂ ಇಲ್ಲ. ಮೇಲಾಗಿ ಸ್ವರದ ಸ್ಪಷ್ಟತೆಯೂ ಕೆಡುತ್ತದೆ. ಟ್ರಾನ್ಸ್‌ಫಾರ್ಮರಿನ ತಂತಿಯ ತಡೆಯನ್ನು ಇಲ್ಲಿ ಹಿಡಿದಿಲ್ಲ. ಓಮನ ನಿಯಮ ಕಲಿತವರು ಮನೆಯಲ್ಲಿ ಲೆಕ್ಕ ಮಾಡಿ ನೋಡಿರಿ.

ಇಂಥ ಲೆಕ್ಕವನ್ನು ಫ್ಯಾರಡೆ ಬರೆಯಲಿಲ್ಲ. ಅವನು ಕಂಡದ್ದು ಬಲರೇಖೆಗಳನ್ನು, ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಬಿಡಿಸುವ ಆ ಗೆರೆಗಳನ್ನು. ಅವನ್ನು ಗಣಿತಕ್ಕೆ ಇಳಿಸಿದವನು ಅವನಿಗಿಂತ ನಲವತ್ತು ವರ್ಷ ಕಿರಿಯನಾದ ಮ್ಯಾಕ್ಸ್‌ವೆಲ್. ಬಳೆಯು ಊರಿಗೆ ಬೆಳಕು ಕೊಡುವ ಟ್ರಾನ್ಸ್‌ಫಾರ್ಮರಾಗಿ ಬೆಳೆದದ್ದು 1880ರ ದಶಕದಲ್ಲಿ. ಆಗ ಫ್ಯಾರಡೆ ಇರಲಿಲ್ಲ. ಎಡಿಸನ್ನನು ಮೊದಲ ಬಾರಿಗೆ ಸ್ವರವನ್ನು ಗೀರಿನಲ್ಲಿ ಹಿಡಿದದ್ದು 1877ರಲ್ಲಿ. ಅದನ್ನೂ ಅವನು ಕೇಳಲಿಲ್ಲ.

ನಲವತ್ತೆಂಟನೆಯ ವಯಸ್ಸಿನ ಸುಮಾರಿಗೆ ಅವನ ಆರೋಗ್ಯ ಕುಸಿಯಿತು. ತಲೆಸುತ್ತು, ಮರೆವು. ನಿನ್ನೆ ಮಾಡಿದ ಪ್ರಯೋಗ ಇಂದು ನೆನಪಿಗೆ ಬಾರದು. ದಿನಚರಿಯಲ್ಲಿ ಎಲ್ಲವನ್ನೂ ಬರೆದಿಡುವ ಚಿಕ್ಕಂದಿನ ರೂಢಿಯೇ ಆಗ ಆಸರೆಯಾಯಿತು. ಅದೇ ಸ್ಥಿತಿಯಲ್ಲಿ 1845ರಲ್ಲಿ ಬೆಳಕಿನ ಮೇಲೂ ಅಯಸ್ಕಾಂತದ ಪ್ರಭಾವವಿದೆಯೆಂದು ತೋರಿಸಿದನು. ತಾನು ಹಿಂದೆ ಗಾಜಿನ ಕೆಲಸದಲ್ಲಿ ಮಾಡಿದ ಭಾರವಾದ ಗಾಜಿನ ತುಂಡೇ ಅದಕ್ಕೆ ಒದಗಿತು. ಮಕ್ಕಳಿಗಾಗಿ ಕ್ರಿಸ್‌ಮಸ್ ರಜೆಯಲ್ಲಿ ಉಪನ್ಯಾಸ ಕೊಡುವುದನ್ನು ಎಪ್ಪತ್ತರ ಸಮೀಪದವರೆಗೂ ಬಿಡಲಿಲ್ಲ. ಸರ್ ಪದವಿ ಬೇಡವೆಂದನು, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಬೇಡವೆಂದನು.

1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ತೀರಿಕೊಂಡನು. ಹೈಗೇಟ್ ಸ್ಮಶಾನದಲ್ಲಿ ಸರಳವಾದ ಒಂದು ಕಲ್ಲು ಇದೆ. ಬಳೆಯು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಳಿದಿದೆ, ಅವನು ಸುತ್ತಿದ ಬಟ್ಟೆ ಮತ್ತು ಹುರಿಯ ಸಮೇತ.