ನಾಲಿಗೆಯನ್ನೇ ಪರೀಕ್ಷೆಗೆ ಒಡ್ಡಿದ ಲೂಯಿ ಪಾಶ್ಚರ್

ಕಟಾವು ಮಾಡಿದ ದ್ರಾಕ್ಷಿ ಬಹಳ ದಿನ ತಾಳುವುದಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಅನಂತಪುರ, ತೆಲಸಂಗ ಭಾಗದಿಂದ ವಿಜಯಪುರದವರೆಗಿನ ಬೆಳೆಗಾರರು ಹಣ್ಣನ್ನು ನೆರಳಿನ ಶೆಡ್ಡುಗಳಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಿ ಈ ಆತಂಕದಿಂದ ಪಾರಾಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್‌ನ ರೈತನಿಗೆ ಹಣ್ಣನ್ನು ಹುದುಗಿಸಿ ವೈನ್ ಮಾಡಿದ ಮೇಲೂ ನೆಮ್ಮದಿ ಇರಲಿಲ್ಲ. ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಬೇಕಾದ ವೈನ್ ಹುಳಿಯಾಗಿ, ಕಹಿಯಾಗಿ ಅಥವಾ ಲೋಳೆಗಟ್ಟಿ ಕೆಡುತ್ತಿತ್ತು. ಇದಕ್ಕೆ ಕಾರಣವನ್ನೂ ಪರಿಹಾರವನ್ನೂ ಕಂಡುಹಿಡಿದವರು ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತದ ಲಸಿಕೆಯಿಂದ ಲೋಕಪ್ರಸಿದ್ಧರಾದ ಈ ವಿಜ್ಞಾನಿಯ ಬದುಕಿನಲ್ಲಿ ವೈನ್‌ಗೆ ಸಂಬಂಧಿಸಿದ ಅಧ್ಯಾಯ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಗಸಿಯಿಂದ ಆರಂಭ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಪೂರ್ವ ಫ್ರಾನ್ಸ್‌ನ ದೋಲ್ ಪಟ್ಟಣದಲ್ಲಿ. ತಂದೆಯದು ಚರ್ಮ ಹದಮಾಡುವ ಕಸುಬು. ಬಾಲ್ಯ ಕಳೆದದ್ದು ದ್ರಾಕ್ಷಿತೋಟಗಳ ನಡುವಿನ ಅರ್ಬ್ವಾ ಎಂಬ ಸಣ್ಣ ಊರಿನಲ್ಲಿ. 1848ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಅವರು ಮಾಡಿದ ಮೊದಲ ದೊಡ್ಡ ಸಂಶೋಧನೆಯ ಮೂಲವೂ ವೈನ್ ಪೀಪಾಯಿಯ ಗಸಿಯೇ. ಆ ಗಸಿಯಲ್ಲಿ ದೊರೆಯುವ ಟಾರ್ಟಾರಿಕ್ ಆಮ್ಲಕ್ಕೆ ಸಂಬಂಧಿಸಿದ ಹರಳುಗಳನ್ನು ಒಂದೊಂದಾಗಿ ಆರಿಸಿ, ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾಗಿರುವ ಎರಡು ಬಗೆಗಳಿವೆ ಎಂದು ಅವರು ತೋರಿಸಿಕೊಟ್ಟರು.

1854ರಲ್ಲಿ ಲೀಲ್ ನಗರದ ವಿಜ್ಞಾನ ವಿಭಾಗದ ಡೀನ್ ಆದ ಬಳಿಕ ಅವರ ಗಮನ ಹುದುಗುವಿಕೆಯ ಕಡೆ ಹೊರಳಿತು. ಹುದುಗುವಿಕೆ ಕೇವಲ ರಾಸಾಯನಿಕ ಕ್ರಿಯೆಯಲ್ಲ, ಜೀವಾಣುಗಳ ಕೆಲಸ ಎಂಬ ನಿಲುವಿಗೆ ಅವರು ಬಂದರು. 1860ರ ವ್ಯಾಪಾರ ಒಪ್ಪಂದದಿಂದ ಇಂಗ್ಲೆಂಡಿನ ಮಾರುಕಟ್ಟೆ ತೆರೆದುಕೊಂಡಿದ್ದರೂ ಅಲ್ಲಿಗೆ ತಲುಪುವಷ್ಟರಲ್ಲಿ ವೈನ್ ಕೆಡುತ್ತದೆ ಎಂಬ ದೂರುಗಳಿದ್ದವು. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಈ ಸಮಸ್ಯೆಯನ್ನು ಪಾಶ್ಚರ್‌ಗೆ ಒಪ್ಪಿಸಿದನು.

ಪಾಶ್ಚರ್ ತಮ್ಮ ಊರಿಗೇ ಮರಳಿದರು. ಅರ್ಬ್ವಾದ ಹಳೆಯ ಕಾಫಿ ಅಂಗಡಿಯೊಂದು ಪ್ರಯೋಗಾಲಯವಾಯಿತು. ಅಲ್ಲಿ ಗ್ಯಾಸ್ ಸಂಪರ್ಕವಿರಲಿಲ್ಲ. ಇದ್ದಿಲ ಒಲೆಯೇ ಆಧಾರ. ಕೆಟ್ಟ ವೈನ್‌ನ ಹನಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಒಂದೊಂದು ಕೆಡುಕಿಗೂ ಒಂದೊಂದು ಬಗೆಯ ಜೀವಾಣು ಕಾಣಿಸಿತು. ಬರ್ಗಂಡಿಯ ವೈನ್‌ಗಳನ್ನು ಕಾಡುತ್ತಿದ್ದ ಕಹಿರೋಗವೂ ಅವುಗಳಲ್ಲಿ ಒಂದು.

ಹೊಸತು ಹಳತಾಗುವ ಬಗೆ

ವೈನ್ ಹಳೆಯದಾದಷ್ಟೂ ಉತ್ತಮ ಎಂಬ ನಂಬಿಕೆ ಪ್ರಾಚೀನವಾದದ್ದು. ಹೊಸ ಕೆಂಪು ವೈನ್‌ನ ಬಣ್ಣ ಗಾಢ, ರುಚಿ ಒಗರು. ವರ್ಷಗಳು ಕಳೆದಂತೆ ಬಣ್ಣ ಇಟ್ಟಿಗೆಗೆಂಪಿಗೆ ತಿರುಗಿ, ತಳದಲ್ಲಿ ಗಸಿ ನಿಂತು, ರುಚಿ ಮೃದುವಾಗುತ್ತದೆ. ಇದು ಕಾಲದ ಮಹಿಮೆಯೋ ಬೇರೇನೋ ಎಂಬುದನ್ನು ತಿಳಿಯಲು ಪಾಶ್ಚರ್ ಸರಳ ಪ್ರಯೋಗವೊಂದನ್ನು ಮಾಡಿದರು. ಕೆಲವು ಗಾಜಿನ ಕೊಳವೆಗಳಲ್ಲಿ ವೈನನ್ನು ಭರ್ತಿ ತುಂಬಿ, ಕೆಲವನ್ನು ಅರ್ಧಕ್ಕೆ ತುಂಬಿ, ಎಲ್ಲವನ್ನೂ ಭದ್ರವಾಗಿ ಮುಚ್ಚಿದರು. ಗಾಳಿಯಿಲ್ಲದ ಭರ್ತಿ ಕೊಳವೆಗಳ ವೈನ್ ಬದಲಾಗಲಿಲ್ಲ. ಗಾಳಿಯಿದ್ದ ಕೊಳವೆಗಳಲ್ಲಿ ಗಸಿ ಕೂತು, ಬಣ್ಣ ತೆಳುವಾಗಿ, ಹೊಸ ವೈನ್ ಬೇಗನೆ ಮುಪ್ಪಾಯಿತು. ಮರದ ಪೀಪಾಯಿಯ ಸೂಕ್ಷ್ಮ ರಂಧ್ರಗಳಿಂದ ಮೆಲ್ಲಗೆ ಒಳಸೇರುವ ಆಮ್ಲಜನಕ ವೈನನ್ನು ಮಾಗಿಸುತ್ತದೆ, ಜೀವಾಣು ಕೆಡಿಸುತ್ತದೆ ಎಂಬ ವ್ಯತ್ಯಾಸ ಹೀಗೆ ಸ್ಪಷ್ಟವಾಯಿತು.

ಹಾಗಾದರೆ ಮಾಗುವಿಕೆಗೆ ಅಡ್ಡಿಯಾಗದಂತೆ ಜೀವಾಣುಗಳನ್ನು ಮಾತ್ರ ಕೊಲ್ಲುವುದು ಹೇಗೆ? ಗಾಳಿ ಸೋಕದಂತೆ 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಹೊತ್ತು ಕಾಯಿಸಿದರೆ ಸಾಕು ಎಂದು ಪಾಶ್ಚರ್ ಕಂಡುಕೊಂಡರು. 1865ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರೂ ಅದರಿಂದ ಹಣ ಮಾಡದೆ ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು.

ಒಂದೇ ವೈನ್, ಎರಡು ಲೋಟ

ವೈನ್ ಕಾಯಿಸುವುದೆಂದರೆ ಫ್ರೆಂಚರಿಗೆ ಅಪಚಾರವೇ ಸರಿ. ರುಚಿಯೂ ಪರಿಮಳವೂ ಹಾಳಾಗುತ್ತವೆ ಎಂಬ ಆಕ್ಷೇಪ ಎದ್ದಿತು. 1865ರಲ್ಲಿ ಪ್ಯಾರಿಸ್‌ನ ವೈನ್ ವರ್ತಕರ ಸಮಿತಿಯೊಂದು ಕಾಯಿಸಿದ ಮತ್ತು ಕಾಯಿಸದ ವೈನ್‌ಗಳನ್ನು ಸವಿದು ನೋಡಿತು. ಪರಿಣತರು ಎರಡರ ನಡುವೆ ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸಿದರು. ಇದರಲ್ಲಿ ಕಲ್ಪನೆಯ ಪಾಲೆಷ್ಟು ಎಂಬ ಅನುಮಾನ ಪಾಶ್ಚರ್‌ಗೆ ಬಂದಿತು. ತಿಳಿಸದೆಯೇ ಒಂದೇ ವೈನನ್ನು ಎರಡು ಲೋಟಗಳಲ್ಲಿ ಸುರಿದು ಕೊಟ್ಟರು. ಪರಿಣತರು ಅವೆರಡರ ನಡುವೆಯೂ ವ್ಯತ್ಯಾಸ ಕಂಡುಹಿಡಿದರು!

ವ್ಯತ್ಯಾಸ ಇದ್ದೇ ಇದೆ ಎಂದು ಮೊದಲೇ ನಂಬಿದವನಿಗೆ ಅದು ಕಂಡೇ ಕಾಣುತ್ತದೆ ಎಂಬುದನ್ನು ಈ ಘಟನೆ ತೋರಿಸಿತು. ಆದರೆ ಪಾಶ್ಚರ್ ಪರಿಣತರನ್ನು ಹಳಿಯಲಿಲ್ಲ, ಸವಿದು ನೋಡುವುದನ್ನು ಕೈಬಿಡಲೂ ಇಲ್ಲ. ನಾಲಿಗೆಗೂ ಪರೀಕ್ಷೆಯ ನಿಯಮ ಬೇಕು ಎಂಬುದಷ್ಟೇ ಅವರ ವಾದವಾಗಿತ್ತು.

ಈ ಕೆಲಸ ನಡೆದದ್ದು ಅವರ ಬದುಕಿನ ಅತ್ಯಂತ ದುಃಖದ ದಿನಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ. 1865ರ ಜೂನ್‌ನಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಎರಡು ವರ್ಷದ ಮಗಳು ಕಮೀಲ್ ಕಣ್ಮುಚ್ಚಿದಳು. ಮರುವರ್ಷ, 12 ವರ್ಷದ ಸೆಸಿಲ್ ಟೈಫಾಯ್ಡ್‌ಗೆ ಬಲಿಯಾದಳು. ಹಿರಿಯ ಮಗಳು ಜಾನ್ ಕೂಡ ಅದೇ ಜ್ವರದಿಂದ 1859ರಲ್ಲಿ ಅಗಲಿದ್ದಳು. ವೈನ್ ಕುರಿತ ಅವರ ಹೆಸರಾಂತ ಗ್ರಂಥ ಪ್ರಕಟವಾದದ್ದು ಸೆಸಿಲ್ ತೀರಿಕೊಂಡ 1866ರಲ್ಲೇ.

ಹಡಗಿನ ಸಾಕ್ಷ್ಯ

ಅಂತಿಮ ಪರೀಕ್ಷೆ ಸಮುದ್ರದ ಮೇಲೆ ನಡೆಯಿತು. ಜಾನ್ ಬಾರ್ ಎಂಬ ನೌಕೆಗೆ 500 ಲೀಟರ್ ವೈನ್ ಏರಿಸಲಾಯಿತು. ಅರ್ಧ ಕಾಯಿಸಿದ್ದು, ಉಳಿದರ್ಧ ಕಾಯಿಸದ್ದು. 10 ತಿಂಗಳ ಯಾನದ ನಂತರ ನೋಡಿದಾಗ ಕಾಯಿಸಿದ ವೈನ್ ತಿಳಿಯಾಗಿ, ಮೃದುವಾಗಿಯೇ ಉಳಿದಿತ್ತು. ಕಾಯಿಸದ್ದು ಒಗರೇರಿ ಹುಳಿಯತ್ತ ತಿರುಗಿತ್ತು. 1868ರ ಅಕ್ಟೋಬರ್‌ನಲ್ಲಿ ಪಾರ್ಶ್ವವಾಯು ಬಡಿದು 45ರ ಪಾಶ್ಚರ್ ಅವರ ಎಡಭಾಗದ ಸ್ವಾಧೀನ ತಪ್ಪಿತು. ಆದರೂ ಅವರು ಸಂಶೋಧನೆ ನಿಲ್ಲಿಸಲಿಲ್ಲ. 1874ರಲ್ಲಿ ಅರ್ಬ್ವಾ ಬಳಿ ಸಣ್ಣ ದ್ರಾಕ್ಷಿತೋಟ ಕೊಂಡರು. 1878ರಲ್ಲಿ ಅಲ್ಲಿನ ಬಳ್ಳಿಗಳಿಗೆ ಗಾಜಿನ ಮನೆ ಕಟ್ಟಿಸಿ, ಹೊರಗಿನಿಂದ ಯೀಸ್ಟ್ ಬಂದು ಕೂರದ ಹಣ್ಣಿನ ರಸ ತಾನಾಗಿ ಹುದುಗುವುದಿಲ್ಲ ಎಂದು ಸಾಧಿಸಿ ತೋರಿಸಿದರು. 1885ರ ಜುಲೈನಲ್ಲಿ ಬಾಲಕ ಜೋಸೆಫ್ ಮೈಸ್ಟರ್‌ಗೆ ಹುಚ್ಚುನಾಯಿ ಕಡಿತದ ಲಸಿಕೆ ನೀಡಿದ್ದು ಜಗತ್ತೇ ಬಲ್ಲ ಕಥೆ. 1895ರ ಸೆಪ್ಟೆಂಬರ್ 28ರಂದು ಅವರು ನಿಧನರಾದರು.

ಇಂದು ಫ್ರಾನ್ಸ್‌ನ ಶ್ರೇಷ್ಠ ವೈನ್‌ಗಳನ್ನು ಬಹುತೇಕ ಕಾಯಿಸುವುದಿಲ್ಲ. ಶುಚಿತ್ವ, ಗಂಧಕದ ಡೈಆಕ್ಸೈಡ್ ಬಳಕೆ ಮತ್ತು ಸೋಸುವಿಕೆ ಆ ಕೆಲಸ ಮಾಡುತ್ತವೆ. ವೈನ್‌ಗಾಗಿ ಹುಟ್ಟಿದ ವಿಧಾನ ನಂತರದವರ ಕೈಯಲ್ಲಿ ಹಾಲಿಗೆ ಒದಗಿ ಬಂದಿತು. ಬೆಂಗಳೂರಿನ ಮನೆಬಾಗಿಲಿಗೆ ಬರುವ ನಂದಿನಿ ಪೊಟ್ಟಣದ ಮೇಲೂ ಪಾಶ್ಚರ್ ಹೆಸರಿನಿಂದ ಬಂದ ಪದವಿದೆ. ಹಳೆಯ, ಹೊಸ ವೈನ್‌ಗಳ ಗಂಭೀರ ಸ್ಪರ್ಧೆಗಳಲ್ಲಿ ಇಂದು ಬಾಟಲಿಯ ಹೆಸರುಪಟ್ಟಿ ಮುಚ್ಚಿಯೇ ಲೋಟ ನೀಡುತ್ತಾರೆ. ಒಂದೇ ವೈನ್ ತುಂಬಿದ ಆ ಎರಡು ಲೋಟಗಳು ಕಲಿಸಿದ್ದೂ ಇದೇ ಎಚ್ಚರವನ್ನು.